ಒಂದಕ್ಕೆ ಹೋದ್ರೆ ಬಲ್ಬು, ಎರಡಕ್ಕೆ ಹೋದ್ರೆ ಬಸ್ಸು: ಬ್ರಿಸ್ಟಲ್‌ನ ಒಂದು ಪ್ರಕರಣ

ಪ್ರೈಮರಿ ಸ್ಕೂಲಲ್ಲಿ ಕಿರುಬೆರಳು ಎತ್ತಿ "ಮಿಸ್, ಒಂದಕ್ಕೆ" ಅಂತ ಕೇಳದೇ ಇರೋರು ಯಾರಾದ್ರೂ ಇದ್ದೀರಾ? ಎರಡು ಬೆರಳು ಎತ್ತಿದ್ರೆ ಅದು ಬೇರೆ ವ್ಯವಹಾರ, ಇಡೀ ಕ್ಲಾಸು ಕಿಸಕ್ ಅಂತ ನಗೋದು. ಇಂಗ್ಲಿಷ್‌ನೋರಲ್ಲೂ ಇದೇ ಲೆಕ್ಕ, ನಂಬರ್ ಒನ್, ನಂಬರ್ ಟೂ. ಈಗ ವಿಷಯಕ್ಕೆ ಬರ್ತೀನಿ. 2015ರ ಮಾರ್ಚ್ ತಿಂಗಳು, ಇಂಗ್ಲೆಂಡಿನ ಬ್ರಿಸ್ಟಲ್ ಅನ್ನೋ ಊರು. ಅಲ್ಲಿನ ಒಂದು ಯೂನಿವರ್ಸಿಟಿ ಕ್ಯಾಂಪಸ್ಸಲ್ಲಿ ಹುಡುಗ್ರು ಒಂದಕ್ಕೆ ಹೋದ್ರೆ ಲೈಟ್ ಉರಿಯೋ ಯೂರಿನಲ್ ಶುರುವಾಯ್ತು ಅಂತ ಪೇಪರ್‌ಗಳಲ್ಲೆಲ್ಲ ಬಂತು, ಅದೇ ತಿಂಗಳ ಕೊನೆ ವಾರ ಅದೇ ಊರಲ್ಲಿ ಜನರ ಎರಡರಿಂದ ಓಡೋ ಬಸ್ಸು ರೂಟಿಗೆ ಇಳೀತು, ಆ ರೂಟ್ ನಂಬರ್ ಏನು ಗೊತ್ತಾ, 2.  ಬ್ರಿಟಿಷ್‌ನೋರಿಗೆ ಇಂಥ ಜೋಕ್ ಸಿಕ್ರೆ ಬಿಡ್ತಾರಾ.

ನಾನು ಇಲ್ಲಿ ಹೇಳಬೇಕು ಅಂತಿರೋದು ಮುಖ್ಯವಾಗಿ ಆ ಯೂರಿನಲ್ ಕಥೆ. ಬಸ್ಸು ಮಧ್ಯದಲ್ಲಿ ಬಂದು ಹೋಗುತ್ತೆ. ಇದನ್ನ ಸುಮಾರು ಜನ "ಮೂತ್ರದಿಂದ ಕರೆಂಟ್, ಅಬ್ಬಾ" ಅನ್ನೋ ಥರ ಹೇಳಿ ಮುಗಿಸ್ತಾರೆ, ಆದ್ರೆ ಅದೇ ಯೂನಿವರ್ಸಿಟೀಲಿ ಇನ್ನೊಂದು ಬಿಲ್ಡಿಂಗಲ್ಲಿ ಜನ ಯಾಕೆ ಹೆಂಗೆ ಓಡಾಡ್ತಾರೆ ಅಂತ ವರ್ಷಗಟ್ಟಲೆ ಓದ್ತಿರೋ ಇನ್ನೊಂದು ಗುಂಪಿದೆ, ಆ ಗುಂಪಿನ ಕನ್ನಡಕ ಹಾಕ್ಕೊಂಡು ಈ ಯೂರಿನಲ್ ನೋಡಿದ್ರೆ ಕಥೆ ಬೇರೆ ಥರ ಕಾಣುತ್ತೆ. ಇವೆರಡನ್ನ ಸೇರಿಸಿ ನೋಡ್ತಿರೋದು ನಾನು, ಅವರು ಹಂಗೇನೂ ಹೇಳಿಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ.

ಬ್ರಿಸ್ಟಲ್ ಅಂದ್ರೆ ನಮಗೆ ಸ್ಕೂಲ್ ಪುಸ್ತಕದ ನೆನಪು, ರಾಜಾರಾಮ್ ಮೋಹನರಾಯ್ 1833ರಲ್ಲಿ ತೀರಿಹೋಗಿದ್ದು ಅಲ್ಲೇ, ಸಮಾಧಿನೂ ಅಲ್ಲೇ ಇದೆ, ಊರ ಮಧ್ಯೆ ಪ್ರತಿಮೆನೂ ಇದೆ. 2015ಕ್ಕೆ ಈ ಊರಿಗೆ ಯುರೋಪಿನ ಗ್ರೀನ್ ಕ್ಯಾಪಿಟಲ್ ಅಂತ ಪಟ್ಟ ಸಿಕ್ಕಿತ್ತು, ಹಾಗಾಗಿ ಆ ವರ್ಷ ಹಸಿರು ಹೆಸರಲ್ಲಿ ಏನು ಮಾಡಿದ್ರೂ ಸುದ್ದಿ. ಆ ಯೂರಿನಲ್ ಇಟ್ಟ ಯೂನಿವರ್ಸಿಟಿ ಹೆಸರು ಯೂನಿವರ್ಸಿಟಿ ಆಫ್ ದಿ ವೆಸ್ಟ್ ಆಫ್ ಇಂಗ್ಲೆಂಡ್, ಮೇನ್ ಕ್ಯಾಂಪಸ್ಸು ಊರ ಉತ್ತರದ ಅಂಚಲ್ಲಿ ಫ್ರೆಂಚೇ ಅನ್ನೋ ಕಡೆ. ಅಲ್ಲಿ 2002ರಲ್ಲಿ ಶುರುವಾದ ಸೆಂಟರ್ ಫಾರ್ ಟ್ರಾನ್ಸ್‌ಪೋರ್ಟ್ ಅಂಡ್ ಸೊಸೈಟಿ ಇದೆ, ಅವರದ್ದು ಜನರ ಓಡಾಟದ ಅಧ್ಯಯನ. ಹಂಗೇ ಬ್ರಿಸ್ಟಲ್ ರೊಬೊಟಿಕ್ಸ್ ಲ್ಯಾಬೊರೇಟರಿ ಒಳಗೆ ಬ್ರಿಸ್ಟಲ್ ಬಯೋಎನರ್ಜಿ ಸೆಂಟರ್ ಇತ್ತು, ಪ್ರೊಫೆಸರ್ ಯೊವಾನಿಸ್ ಇಯೆರೊಪೌಲೊಸ್ ಅದರ ಮುಖ್ಯಸ್ಥರಾಗಿದ್ರು, ಅವರದ್ದು ಸೂಕ್ಷ್ಮಜೀವಿಗಳಿಂದ ಕರೆಂಟ್ ತೆಗೆಯೋ ಕೆಲಸ.

ರೊಬೊಟಿಕ್ಸ್ ಲ್ಯಾಬಲ್ಲಿ ಮೂತ್ರದ ಕೆಲಸ ಯಾಕೆ ಅಂತ ಕೇಳಬಹುದು. ಅವರು ಹೊರಟಿದ್ದೇ ಬೇರೆ ಕಡೆಗೆ. ಚಾರ್ಜಿಗೆ ಹಾಕೋದೇ ಬೇಡ, ತಾನೇ ಊಟ ಹುಡುಕ್ಕೊಂಡು ತಿಂದು ಬದುಕೋ ರೊಬೊಟ್ ಮಾಡಬೇಕು ಅಂತ ಆಸೆ. ಇಕೊಬಾಟ್ ಅಂತ ಹೆಸರು. ಮೊದಲನೇದಕ್ಕೆ ಸಕ್ಕರೆ ಹಾಕಿದ್ರು, ಎರಡನೇದಕ್ಕೆ ಸತ್ತ ನೊಣ, ಕೊಳೆತ ಹಣ್ಣು, ಸೀಗಡಿ ಸಿಪ್ಪೆ. 2010ರಲ್ಲಿ ಬಂದ ಮೂರನೇದು, ಒಳಗೆ ಸೂಕ್ಷ್ಮಜೀವಿ ಇಟ್ಟು ಕರೆಂಟ್ ತೆಗೆಯೋ 48 ಸಣ್ಣ ಸೆಲ್ಲುಗಳಿಂದ ಓಡ್ತಿತ್ತು, ತಿನ್ನೋದಷ್ಟೇ ಅಲ್ಲ, ತಿಂದಿದ್ದನ್ನ ಹೊರಗೂ ಹಾಕ್ತಿತ್ತು. ಪಾಪ ರೊಬೊಟ್‌ಗೂ ಎರಡಕ್ಕೆ ಹೋಗೋ ಯೋಗ. ಇದರಲ್ಲಿ ಅವರು ಕಲಿತ ದೊಡ್ಡ ಪಾಠ ಅಂದ್ರೆ ಒಂದು ದೊಡ್ಡ ಸೆಲ್ ಮಾಡೋದಕ್ಕಿಂತ ಸಣ್ಣ ಸಣ್ಣದು ನೂರಾರು ಮಾಡಿ ಜೋಡಿಸೋದು ಒಳ್ಳೇದು, ಯಾಕಂದ್ರೆ ಈ ಕೆಲಸ ನಡೆಯೋದು ಮೇಲ್ಮೈ ಮೇಲೆ, ಸೆಲ್ ದೊಡ್ಡದು ಮಾಡಿದಷ್ಟೂ ಒಳಗಿರೋ ದ್ರವ ಜಾಸ್ತಿ ಆಗುತ್ತೆ ಹೊರತು ಬ್ಯಾಕ್ಟೀರಿಯಾ ಕೂರೋ ಜಾಗ ಅದೇ ಪ್ರಮಾಣದಲ್ಲಿ ಬೆಳೆಯಲ್ಲ. ಆಮೇಲೆ 2013ರಲ್ಲಿ ಮೂತ್ರದಿಂದ ಮೊಬೈಲ್ ಚಾರ್ಜ್ ಮಾಡಿ ತೋರಿಸಿದ್ರು. ಮೆಸೇಜ್ ಕಳಿಸೋಕೆ, ಸ್ವಲ್ಪ ಬ್ರೌಸ್ ಮಾಡೋಕೆ, ಒಂದು ಚಿಕ್ಕ ಕಾಲ್ ಮಾಡೋಕೆ ಆಗೋವಷ್ಟು. ಅಲ್ಲಿಂದ ಮುಂದೆ ಟಾಯ್ಲೆಟ್ ಕಡೆಗೆ ತಿರುಗಿದ್ದು, ಗೇಟ್ಸ್ ಫೌಂಡೇಶನ್ ದುಡ್ಡೂ ಬಂತು.

ಈಗ ಯೂರಿನಲ್ ಹತ್ರ ಹೋಗೋಣ. ಇದನ್ನ ಇಟ್ಟಿದ್ದು ಕ್ಯಾಂಪಸ್ಸಿನ ಸ್ಟೂಡೆಂಟ್ಸ್ ಯೂನಿಯನ್ ಬಾರ್ ಪಕ್ಕದಲ್ಲಿ. ಬಿಯರ್ ಕುಡಿದ ಹುಡುಗ ಎಲ್ಲಿಗೆ ಹೋಗ್ತಾನೆ ಅಂತ ಲೆಕ್ಕ ಹಾಕೋಕೆ ಪಿಎಚ್‌ಡಿ ಬೇಕಾಗಿಲ್ಲ, ಆದ್ರೂ ಈ ಜಾಗ ಆರಿಸಿದ್ದೇ ಇಡೀ ಪ್ರಯೋಗದ ಅತಿ ಬುದ್ಧಿವಂತ ಕೆಲಸ ಅಂತ ನನ್ನ ಅಭಿಪ್ರಾಯ, ಯಾಕೆ ಅಂತ ಆಮೇಲೆ ಹೇಳ್ತೀನಿ. ನೋಡೋಕೆ ಅದೊಂದು ಶೆಡ್ಡು, ಆಕ್ಸ್‌ಫ್ಯಾಮ್ ಸಂಸ್ಥೆ ನಿರಾಶ್ರಿತರ ಕ್ಯಾಂಪುಗಳಲ್ಲಿ ಹಾಕೋ ಟಾಯ್ಲೆಟ್ ಥರಾನೇ ಬೇಕಂತ ಮಾಡಿದ್ದು, ಯಾಕಂದ್ರೆ ಕೊನೆಗೆ ಇದು ಹೋಗಬೇಕಾಗಿದ್ದು ಅಂಥ ಕಡೆಗೇ, ಆಕ್ಸ್‌ಫ್ಯಾಮ್ ಜೊತೆ ಸೇರಿಯೇ ಮಾಡಿದ ಪ್ರಯೋಗ ಇದು. ಒಳಗೆ ನಿಂತು ಹೋಗೋ ಯೂರಿನಲ್, ಅದರ ಕೆಳಗೆ ಸೆಲ್ಲುಗಳ ಸಾಲು, ಮುಂದೆ ಪಾರದರ್ಶಕ ಹಲಗೆ ಹಾಕಿದ್ರು, ಅಂದ್ರೆ ನೀವು ಹೋಗಿದ್ದು ಎಲ್ಲಿಗೆ ಹೋಗ್ತಿದೆ ಅಂತ ನೀವೇ ನೋಡಬಹುದು. ಈ ಪಾರದರ್ಶಕ ಹಲಗೆ ನನಗೆ ತುಂಬಾ ಇಷ್ಟವಾದ ವಿವರ. ಸಾಮಾನ್ಯವಾಗಿ ಟಾಯ್ಲೆಟ್ ಅಂದ್ರೆ ಫ್ಲಶ್ ಮಾಡಿ ಮರೆತುಬಿಡೋದು ಅಷ್ಟೇ. ಇಲ್ಲಿ ಮರೆಯೋಕೆ ಬಿಡಲ್ಲ.

ಆ ಸೆಲ್ಲುಗಳಲ್ಲಿ ಏನಿದೆ? ಬ್ರಿಸ್ಟಲ್‌ನೋರು ದುಬಾರಿ ಪ್ಲಾಸ್ಟಿಕ್ ಪೊರೆ ಬಿಟ್ಟು ಸುಟ್ಟ ಮಣ್ಣನ್ನ ಹಿಡಿದ್ರು. ಟೆರಾಕೋಟ ಅಂತ ಸ್ಟೈಲಾಗಿ ಹೇಳ್ತಾರೆ, ನಮ್ಮ ಮಡಕೆ ಮಣ್ಣೇ ಅಂದ್ಕೊಳ್ಳಿ. ಬೇಸಿಗೆಯಲ್ಲಿ ಮಡಕೆ ಹೊರಗೆ ಹೆಂಗೆ ಒದ್ದೆ ಒದ್ದೆ ಆಗುತ್ತೆ, ಅಂದ್ರೆ ಮಣ್ಣಿನ ಗೋಡೆ ಮೂಲಕ ನೀರು, ಉಪ್ಪು ನಿಧಾನಕ್ಕೆ ದಾಟುತ್ತೆ, ಅದೇ ಗುಣ ಇಲ್ಲಿ ಬೇಕಾಗಿರೋದು. ಗೋಡೆಯ ಒಂದು ಪಕ್ಕ ಮೂತ್ರ, ಅಲ್ಲಿ ಗಾಳಿ ಇಲ್ಲ, ಕಾರ್ಬನ್ ನಾರಿನ ತೆಳು ಬಟ್ಟೆಯಂಥದ್ದು ಸುತ್ತಿರುತ್ತೆ, ಅದರ ಮೇಲೆ ಬ್ಯಾಕ್ಟೀರಿಯಾಗಳು ಲೋಳೆ ಥರ ಅಂಟಿಕೊಂಡು ಸಂಸಾರ ಮಾಡ್ತವೆ. ಇನ್ನೊಂದು ಪಕ್ಕ ಗಾಳಿ. ನಾವು ಉಣ್ಣೋದು, ಉಸಿರಾಡೋದು ಅಂದ್ರೆ ಊಟದಿಂದ ಬಂದ ಎಲೆಕ್ಟ್ರಾನನ್ನ ಕೊನೆಗೆ ಆಕ್ಸಿಜನ್‌ಗೆ ಒಪ್ಪಿಸೋದು. ಈ ಬ್ಯಾಕ್ಟೀರಿಯಾಗಳ ಹತ್ರ ಆಕ್ಸಿಜನ್ ಇಲ್ಲ, ಹಾಗಾಗಿ ಅವು ಎಲೆಕ್ಟ್ರಾನನ್ನ ಪಕ್ಕದಲ್ಲಿರೋ ಕಾರ್ಬನ್‌ಗೆ ದಾಟಿಸ್ತವೆ, ಅಲ್ಲಿಂದ ವೈರಲ್ಲಿ ಆಚೆ ಪಕ್ಕಕ್ಕೆ ಹೋಗಿ ಅಲ್ಲಿ ಆಕ್ಸಿಜನ್ ಸಿಕ್ಕಿ ನೀರಾಗುತ್ತೆ. ಆ ವೈರ್ ಮಧ್ಯೆ ಲೈಟ್ ಇಟ್ರೆ ಉರಿಯುತ್ತೆ. ಬ್ಯಾಕ್ಟೀರಿಯಾ ಉಸಿರಾಡೋ ದಾರಿ ಮಧ್ಯೆ ನಾವೊಂದು ಟೋಲ್‌ಗೇಟ್ ಇಟ್ಟಂಗೆ.

ಇದೇನೂ ಹೊಸ ಸಂಶೋಧನೆ ಅಲ್ಲ ಮತ್ತೆ. 1911ರಲ್ಲೇ ಪಾಟರ್ ಅನ್ನೋ ಬ್ರಿಟಿಷ್ ಸಸ್ಯಶಾಸ್ತ್ರಜ್ಞ ಯೀಸ್ಟ್ ಮತ್ತು ಬ್ಯಾಕ್ಟೀರಿಯಾದಿಂದ ಕರೆಂಟ್ ಬರುತ್ತೆ ಅಂತ ತೋರಿಸಿದ್ರು. ನೂರು ವರ್ಷ ಅದು ಲ್ಯಾಬಿನ ಆಟಿಕೆ ಆಗೇ ಉಳೀತು.

ಒಂದು ತಪ್ಪು ಕಲ್ಪನೆ ಇದೆ, ಮೂತ್ರ ಅಂದ್ರೆ ಯೂರಿಯಾ, ಯೂರಿಯಾದಿಂದ ಕರೆಂಟ್ ಅಂತ. ಹಂಗಲ್ಲ. ಮೂತ್ರದಲ್ಲಿ ಸುಮಾರು 95 ಪರ್ಸೆಂಟ್ ನೀರೇ, ಉಳಿದದ್ದರಲ್ಲಿ ಯೂರಿಯಾ ಜಾಸ್ತಿ, ನಿಜ, ಆದ್ರೆ ಅದರಲ್ಲಿರೋ ಕಾರ್ಬನ್ ಆಗಲೇ ಪೂರ್ತಿ ಉರಿದು ಮುಗಿದ ಬೂದಿ ಥರ, ಅದರಿಂದ ಎಲೆಕ್ಟ್ರಾನ್ ಹಿಂಡೋಕಾಗಲ್ಲ. ಕರೆಂಟ್ ಬರೋದು ಜೊತೆಗಿರೋ ಸ್ವಲ್ಪ ಸಾವಯವ ಆಮ್ಲಗಳು ಇತ್ಯಾದಿಯಿಂದ. ಯೂರಿಯಾ ಒಡೆದು ಅಮೋನಿಯಾ ಆಗುತ್ತೆ, ಆ ಘಾಟು ಬಸ್ ಸ್ಟ್ಯಾಂಡ್ ಟಾಯ್ಲೆಟ್ ಹತ್ರ ಹೋದವರಿಗೆಲ್ಲ ಗೊತ್ತು, ಅದರಿಂದ ಕ್ಷಾರ ಏರಿ ಸ್ಟ್ರುವೈಟ್ ಅನ್ನೋ ಕಲ್ಲಿನಂಥ ಉಪ್ಪು ಪೈಪಲ್ಲಿ ಕಟ್ಟಿಕೊಳ್ಳುತ್ತೆ. ಇಂಜಿನಿಯರ್‌ಗೆ ಅದು ತಲೆನೋವು, ರೈತನಿಗೆ ಗೊಬ್ಬರ. ನಮ್ಮ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದೋರೇ ದೊಡ್ಡಬಳ್ಳಾಪುರದ ಕಡೆ ಮನುಷ್ಯರ ಮೂತ್ರವನ್ನ ಬಾಳೆಗೆ ಗೊಬ್ಬರವಾಗಿ ಹಾಕಿ ಪರೀಕ್ಷೆ ಮಾಡಿದ್ರು, ಬ್ರಿಸ್ಟಲ್‌ನ ಈ ಶೆಡ್ಡಿಗಿಂತ ಕೆಲವು ವರ್ಷ ಮೊದಲೇ.

ಸರಿ, ಲೆಕ್ಕಕ್ಕೆ ಬನ್ನಿ. 2015ರ ಫೆಬ್ರವರಿಯಿಂದ ಮೇ ತನಕ ನಡೆದ ಕ್ಯಾಂಪಸ್ ಪ್ರಯೋಗದಲ್ಲಿ 288 ಸೆಲ್ಲುಗಳಿದ್ವು, ಸರಾಸರಿ 75 ಮಿಲಿವ್ಯಾಟ್ ಬಂತು, ಅತಿ ಹೆಚ್ಚು ಅಂದ್ರೆ 160. ಈಗ ನಿಮ್ಮ ಮನೆ ಹಾಲಲ್ಲಿರೋ 9 ವ್ಯಾಟಿನ ಎಲ್‌ಇಡಿ ಬಲ್ಬು ನೋಡಿ. ಅದೊಂದು ಬಲ್ಬ್ ಉರಿಸೋಕೆ ಇಂಥ ಯೂರಿನಲ್ 120 ಬೇಕು. ಹೌದು, ನೂರಾ ಇಪ್ಪತ್ತು. ಇದನ್ನ ಓದಿ ನಾನೂ ಮೊದಲು ನಕ್ಕಿದ್ದೇ. ಒಂದು ಸೆಲ್ಲಿಗೆ ಕಾಲು ಮಿಲಿವ್ಯಾಟ್ ಚಿಲ್ಲರೆ, ಇದಕ್ಕೆ ಇಷ್ಟೆಲ್ಲಾ ಯಾಕೆ ಸ್ವಾಮಿ ಅನ್ಸುತ್ತೆ. ಆದ್ರೆ ಅವರಿಗೆ ಹಾಲ್ ಬೆಳಗಿಸೋದು ಬೇಕಾಗಿರಲಿಲ್ಲ, ಕತ್ತಲಲ್ಲಿ ಒಂದು ಶೆಡ್ಡೊಳಗೆ ಬಾಗಿಲು ಎಲ್ಲಿದೆ, ಕಾಲು ಎಲ್ಲಿಡಬೇಕು ಅಂತ ಕಾಣಬೇಕಿತ್ತು ಅಷ್ಟೇ. ಪುಟ್ಟ ಎಲ್‌ಇಡಿಗಳಿಗೆ ಅದು ಸಾಕು.

ಸೆಲ್ಲುಗಳನ್ನ ಜೋಡಿಸೋದೂ ಸುಲಭ ಇಲ್ಲ. ಒಂದು ಸೆಲ್ ಕೊಡೋದು ಅರ್ಧ ವೋಲ್ಟ್ ಆಸುಪಾಸು, ಬಿಳಿ ಎಲ್‌ಇಡಿ ಹೊತ್ಕೊಳೋಕೆ 3 ವೋಲ್ಟ್ ಹತ್ರ ಬೇಕು, ಹಾಗಾಗಿ ಒಂದರ ಹಿಂದೆ ಒಂದು ಸರಣಿಯಲ್ಲಿ ಸೇರಿಸಬೇಕು. ಟಾರ್ಚಿಗೆ ಮೂರು ಹೊಸ ಸೆಲ್ಲಿನ ಜೊತೆ ಒಂದು ಸತ್ತ ಸೆಲ್ ಹಾಕಿದ್ರೆ ಏನಾಗುತ್ತೆ ನಿಮಗೆ ಗೊತ್ತು, ಇಲ್ಲೂ ಅದೇ, ಸಾಲಲ್ಲಿ ಒಂದಕ್ಕೆ ಊಟ ಕಮ್ಮಿ ಆದ್ರೆ ಅದು ಉಲ್ಟಾ ಹೊಡೆದು ಮಿಕ್ಕವರು ದುಡಿದಿದ್ದನ್ನೂ ತಿಂದುಬಿಡುತ್ತೆ. ಕೂಡುಕುಟುಂಬದ ಕಷ್ಟ.

ಅದೇ ವರ್ಷ ಜೂನಲ್ಲಿ ಗ್ಲಾಸ್ಟನ್‌ಬರಿ ಅನ್ನೋ ಭಾರೀ ಮ್ಯೂಸಿಕ್ ಫೆಸ್ಟಿವಲ್ಲಿಗೆ ದೊಡ್ಡ ಯೂರಿನಲ್ ತಗೊಂಡು ಹೋದ್ರು. ಹೊಲದಲ್ಲಿ ಟೆಂಟ್ ಹಾಕ್ಕೊಂಡು ದಿನಗಟ್ಟಲೆ ಕುಡಿಯೋ ಜನ, ನಮ್ಮ ಜಾತ್ರೆ ಥರ ಅಂದ್ಕೊಳ್ಳಿ, ತೇರು ಮಾತ್ರ ಇಲ್ಲ. ಇಲ್ಲಿ 432 ಸೆಲ್ಲು, ದಿನಕ್ಕೆ ಸುಮಾರು ಸಾವಿರ ಜನ ಬಳಸಿದ್ರು, ಸರಾಸರಿ 400 ಮಿಲಿವ್ಯಾಟ್, ಗರಿಷ್ಠ 800. ಸೆಲ್ಲು ಒಂದೂವರೆ ಪಟ್ಟು ಆಗಿದ್ದಕ್ಕೆ ಪವರ್ ಐದು ಪಟ್ಟು. ಭೇಷ್ ಅನ್ಬೇಕು ಅನ್ಸುತ್ತೆ ಅಲ್ವಾ? ಇನ್ನೊಂದು ಕಾಲಂ ನೋಡಿ. ಮೂತ್ರದಲ್ಲಿರೋ ಕೊಳೆ ಎಷ್ಟು ಕಡಿಮೆ ಆಯ್ತು ಅಂತ ಅಳೆಯೋಕೆ ಸಿಒಡಿ ಅನ್ನೋ ಅಳತೆ ಇದೆ, ಅಂದ್ರೆ ಆ ಕೊಳೆಯನ್ನ ಪೂರ್ತಿ ಸುಡೋಕೆ ಎಷ್ಟು ಆಕ್ಸಿಜನ್ ಬೇಕು ಅನ್ನೋದು. ಕ್ಯಾಂಪಸ್ಸಲ್ಲಿ 95 ಪರ್ಸೆಂಟ್‌ಗೂ ಹೆಚ್ಚು ಕೊಳೆ ಹೋಗಿತ್ತು. ಜಾತ್ರೇಲಿ ಸರಾಸರಿ 30 ಪರ್ಸೆಂಟ್ ಅಷ್ಟೇ.

ಈ ಎರಡು ಸಾಲು ಅಂಕಿ ನನಗೆ ಇಡೀ ಪ್ರಕರಣದ ತಿರುಳು ಅನ್ಸುತ್ತೆ. ನಿಧಾನಕ್ಕೆ ಬಂದ್ರೆ ಬ್ಯಾಕ್ಟೀರಿಯಾ ಕೂತು ಚೆನ್ನಾಗಿ ಚಪ್ಪರಿಸಿ ತಟ್ಟೆ ನೆಕ್ಕಿ ತಿಂತವೆ, ನೀರು ಸ್ವಚ್ಛ ಆಗುತ್ತೆ, ಆದ್ರೆ ಕರೆಂಟ್ ಕಮ್ಮಿ. ಮದುವೆ ಮನೆ ಥರ ಪಂಕ್ತಿ ಮೇಲೆ ಪಂಕ್ತಿ ಬಡಿಸ್ತಾ ಹೋದ್ರೆ ಯಾವಾಗ್ಲೂ ತಾಜಾ ಊಟ, ಪವರ್ ಜೋರು, ಎಲೆ ಮೇಲೆ ಮಾತ್ರ ಅರ್ಧಕ್ಕಿಂತ ಹೆಚ್ಚು ಹಂಗೇ ಉಳಿಯುತ್ತೆ. ಎರಡು ಕಡೆ ಸೆಟಪ್ಪು ಒಂದೇ ಥರ ಇರಲಿಲ್ಲ, ಹಾಗಾಗಿ ಎಲ್ಲಾ ವ್ಯತ್ಯಾಸ ಇದರಿಂದಲೇ ಬಂತು ಅನ್ನಲ್ಲ, ಆದ್ರೆ ಟಾಯ್ಲೆಟ್ ಬೇಕಾ ಬ್ಯಾಟರಿ ಬೇಕಾ ಅನ್ನೋ ಪ್ರಶ್ನೆ ಇಲ್ಲಿ ಎದುರಿಗೆ ಬಂದು ನಿಲ್ಲುತ್ತೆ. ಮತ್ತೆ ಗಮನಿಸಿ, ಇದನ್ನ ನಿರ್ಧರಿಸ್ತಿರೋದು ಎಷ್ಟು ಜನ, ಎಷ್ಟು ಹೊತ್ತಿಗೆ, ಯಾವ ಕಡೆಯಿಂದ ನಡೆದು ಬರ್ತಾರೆ ಅನ್ನೋದು. ಅಂದ್ರೆ ಟ್ರಾಫಿಕ್ಕು.

ಬಸ್ಸಿನ ವಿಷಯ ಬೇಗ ಮುಗಿಸ್ತೀನಿ, ಯೂನಿವರ್ಸಿಟಿದಲ್ಲ ಅದು. ಏವನ್‌ಮೌತ್ ಅನ್ನೋ ಕಡೆ ಊರ ಒಳಚರಂಡಿ ನೀರು ಸಂಸ್ಕರಿಸೋ ಪ್ಲಾಂಟ್ ಇದೆ, ಅಲ್ಲಿ ಮಲ ಮತ್ತು ಊಟದ ವೇಸ್ಟಿಂದ ಗ್ಯಾಸ್ ತೆಗೆದು ಶುದ್ಧ ಮಾಡಿ ಬಸ್ಸಿಗೆ ತುಂಬಿಸಿದ್ರು. ನಮ್ಮ ಹಳ್ಳಿ ಗೋಬರ್ ಗ್ಯಾಸ್‌ನ ದೊಡ್ಡಣ್ಣ. 2014ರ ನವೆಂಬರಲ್ಲಿ ಬಾತ್ ಊರಿಂದ ಬ್ರಿಸ್ಟಲ್ ಏರ್‌ಪೋರ್ಟಿಗೆ ಓಡಿತು, ಆಮೇಲೆ ಮಾರ್ಚಲ್ಲಿ ಆ 2ನೇ ನಂಬರಿಗೆ. 40 ಸೀಟು, ಟ್ಯಾಂಕ್ ಫುಲ್ ಇದ್ರೆ 300 ಕಿಲೋಮೀಟರ್. ಒಬ್ಬ ಮನುಷ್ಯನ ಒಂದು ವರ್ಷದ ಮಲ ಮತ್ತು ಊಟದ ವೇಸ್ಟಿಂದ ಬಸ್ಸು ಸುಮಾರು 60 ಕಿಲೋಮೀಟರ್ ಹೋಗುತ್ತೆ ಅಂತ ಅವರ ಲೆಕ್ಕ. ನೀವು ವರ್ಷ ಪೂರ್ತಿ ದುಡಿದ್ರೆ ಒಂದು ಬಸ್ಸು ಬೆಂಗಳೂರಿಂದ ಚನ್ನಪಟ್ಟಣ ಮುಟ್ಟುತ್ತೆ, ಬೊಂಬೆ ತಗೊಂಡು ವಾಪಸ್ ಬರೋಕೆ ಮನೇಲಿ ಇನ್ನೊಬ್ಬರು ದುಡೀಬೇಕು. ಈ ಗ್ಯಾಸ್ ಮಾಡೋ ಸೂಕ್ಷ್ಮಜೀವಿಗಳು ನಮ್ಮ ಯೂರಿನಲ್ ಸೆಲ್ಲುಗಳ ಒಳಗೂ ಸೇರ್ಕೊಳ್ಳೋಕೆ ನೋಡ್ತವೆ, ಅಲ್ಲಿ ಅವು ಶತ್ರುಗಳು, ಯಾಕಂದ್ರೆ ಕರೆಂಟ್ ಆಗಬೇಕಿದ್ದ ಊಟಾನ ಗ್ಯಾಸ್ ಮಾಡಿ ಹಾಳು ಮಾಡ್ತವೆ. 2019ರಲ್ಲಿ ಶುರುವಾದ ಮೆಟ್ರೊಬಸ್ ಎಂ1 ಅನ್ನೋ ರೂಟು ಇದೇ ಫ್ರೆಂಚೇ ಕ್ಯಾಂಪಸ್ ಮೂಲಕ ಹೋಗುತ್ತೆ, ಅದಕ್ಕೂ ಬಯೋಗ್ಯಾಸ್ ಡಬಲ್ ಡೆಕರ್‌ಗಳನ್ನೇ ತಂದ್ರು.

ಈಗ ಆ ಇನ್ನೊಂದು ಬಿಲ್ಡಿಂಗ್. ಟ್ರಾನ್ಸ್‌ಪೋರ್ಟ್ ಸೆಂಟರಿನೋರು 2017ರಲ್ಲಿ ಒಂದು ವರದಿ ತಂದ್ರು, ಇಂಗ್ಲೆಂಡಿನ 26,000ಕ್ಕೂ ಹೆಚ್ಚು ನೌಕರರ ಐದು ವರ್ಷದ ಮಾಹಿತಿ ಇಟ್ಕೊಂಡು. ದಿನಕ್ಕೆ ಓಡಾಟ 20 ನಿಮಿಷ ಜಾಸ್ತಿ ಆದ್ರೆ ಕೆಲಸದ ಮೇಲಿನ ತೃಪ್ತಿ ಎಷ್ಟು ಕುಸಿಯುತ್ತೆ ಅಂದ್ರೆ ಸಂಬಳ 19 ಪರ್ಸೆಂಟ್ ಕಟ್ ಮಾಡಿದಷ್ಟು. ಇದನ್ನ ನಾನು ಓದಿದ್ದು ಸಿಲ್ಕ್ ಬೋರ್ಡಲ್ಲಿ ನಿಂತಿದ್ದ ಕ್ಯಾಬಲ್ಲಿ, ನನ್ನ ಸಂಬಳ ಎಷ್ಟು ಪರ್ಸೆಂಟ್ ಮೈನಸ್ಸಲ್ಲಿದೆ ಅಂತ ಲೆಕ್ಕ ಹಾಕೋಕೆ ಹೋಗಿ ಬಿಟ್ಟುಬಿಟ್ಟೆ. ನಡೆದು ಹೋಗೋರಿಗೆ ನೆಮ್ಮದಿ ಜಾಸ್ತಿ, ಬಸ್ಸಲ್ಲಿ ಹೋಗೋರಿಗೆ ಒಂದೊಂದು ಹೆಚ್ಚುವರಿ ನಿಮಿಷಾನೂ ಬೇರೆಯವರಿಗಿಂತ ಜಾಸ್ತಿ ಚುಚ್ಚುತ್ತೆ ಅಂತಾನೂ ಬಂತು. ಆದ್ರೆ ವಿಚಿತ್ರ ಅಂದ್ರೆ ಒಟ್ಟಾರೆ ಬದುಕು ಹೇಗಿದೆ ಅಂತ ಕೇಳಿದ್ರೆ ಉದ್ದ ಓಡಾಟದೋರೂ ಅಷ್ಟೇನೂ ಕೆಟ್ಟದಾಗಿ ಹೇಳಲ್ಲ, ಒಳ್ಳೆ ಮನೆ, ಒಳ್ಳೆ ಸಂಬಳ ಅಂತ ಒಳಗೊಳಗೇ ಹೊಂದಿಸ್ಕೊಂಡಿರ್ತಾರೆ.

ಅದೇ ಗುಂಪಿನ ಇನ್ನೊಂದು ಅಧ್ಯಯನ ನನಗೆ ಇನ್ನೂ ಮುಖ್ಯ. ಜನ ಕಾರ್ ಬಿಟ್ಟು ಬಸ್ಸು, ಬಸ್ ಬಿಟ್ಟು ಸೈಕಲ್ ಅಂತ ಯಾವಾಗ ಬದಲಾಗ್ತಾರೆ? ಪರಿಸರ ಕಾಳಜಿ ಭಾಷಣ ಕೇಳಿದಾಗ ಅಂತ ನಾವು ಅಂದ್ಕೊಂಡಿರ್ತೀವಿ. ಅವರಿಗೆ ಸಿಕ್ಕ ಉತ್ತರ, ಬದಲಾವಣೆ ಮುಖ್ಯವಾಗಿ ಆಗೋದು ಮನೆ ಅಥವಾ ಕೆಲಸ ಬದಲಾಗಿ ದೂರ ಹೆಚ್ಚು ಕಮ್ಮಿ ಆದಾಗ. ನನ್ನದೇ ಉದಾಹರಣೆ ತಗೊಳ್ಳಿ. 2023ರ ಅಕ್ಟೋಬರಲ್ಲಿ ನೇರಳೆ ಮೆಟ್ರೋ ವೈಟ್‌ಫೀಲ್ಡ್ ತನಕ ಪೂರ್ತಿ ಆಯ್ತು, ನಾನು ನಾಗರಬಾವೀಲಿ ಇದ್ದೆ, ಮೊದಲ ವಾರ ಫೋಟೋ ತೆಗೆಯೋಕೆ ಹೋಗಿದ್ದು ಬಿಟ್ರೆ ಏಳೆಂಟು ತಿಂಗಳು ಬೈಕು, ಕ್ಯಾಬು ಬಿಡ್ಲೇ ಇಲ್ಲ. ಮನೆಯವಳು ದಿನಾ ಹೇಳೋಳು "ಅಲ್ಲ ಕಣ್ರೀ ಮೆಟ್ರೋ ಇದೆಯಲ್ಲ", ನಾನು ನಾಳೆಯಿಂದ ಅಂತಿದ್ದೆ. ಆಮೇಲೆ ಓನರ್ ಮಗನ ಮದುವೆ ಅಂತ ಮನೆ ಖಾಲಿ ಮಾಡಿಸಿದ್ರು, ಪಟ್ಟಣಗೆರೆ ಸ್ಟೇಷನ್ ಹತ್ರ ಮನೆ ಸಿಕ್ತು, ಸಾಮಾನು ಇಳಿಸಿದ ಮಾರನೇ ದಿನದಿಂದ ಮೆಟ್ರೋನೇ. ಯಾವ ಜ್ಞಾನೋದಯಾನೂ ಆಗಿರಲಿಲ್ಲ, ಬೈಕ್ ಕೀ ಯಾವ ಡಬ್ಬದಲ್ಲಿ ಪ್ಯಾಕ್ ಆಗಿದೆ ಅಂತ ಗೊತ್ತಿರಲಿಲ್ಲ ಅಷ್ಟೇ.

ಇದನ್ನ ಇಟ್ಕೊಂಡು ವಾಪಸ್ ಬಾರ್ ಪಕ್ಕದ ಶೆಡ್ಡಿಗೆ ಬನ್ನಿ. ಯೂನಿವರ್ಸಿಟಿ ಹುಡುಗರಿಗೆ "ಪರಿಸರ ಉಳಿಸಿ, ಲ್ಯಾಬಿಗೆ ಬಂದು ಮೂತ್ರ ದಾನ ಮಾಡಿ" ಅಂತ ಪೋಸ್ಟರ್ ಅಂಟಿಸಿದ್ರೆ ಎಷ್ಟು ಜನ ಬರ್ತಿದ್ರು? ಮೊದಲ ದಿನ ತಮಾಷೆಗೆ ಹತ್ತು ಜನ. ಇವರು ಯಾರ ಅಭ್ಯಾಸಾನೂ ಬದಲಾಯಿಸೋಕೆ ಹೋಗ್ಲಿಲ್ಲ, ಇರೋ ಅಭ್ಯಾಸದ ದಾರಿಗೆ ಅಡ್ಡ ಮಿಷಿನ್ ಇಟ್ರು. ಸೋಲಾರ್ ಪ್ಯಾನಲ್‌ಗೆ ಬಿಸಿಲು ಹೆಂಗೋ ಈ ಮಿಷಿನ್‌ಗೆ ಜನರ ಅಭ್ಯಾಸ ಹಂಗೆ. ಅಭ್ಯಾಸ ತಪ್ಪಿದ್ರೆ ಬ್ಯಾಕ್ಟೀರಿಯಾ ಉಪವಾಸ. ನಮ್ಮ ಕಡೆ ಎಷ್ಟೋ ಒಳ್ಳೆ ಸ್ಕೀಮುಗಳು ಸೈಕಲ್ ಸ್ಟ್ಯಾಂಡಾಗಿ, ಬೀಗ ಹಾಕಿದ ಇ-ಟಾಯ್ಲೆಟ್ಟಾಗಿ ತುಕ್ಕು ಹಿಡೀತಿರೋದು ಟೆಕ್ನಾಲಜಿ ಕೆಟ್ಟದ್ದು ಅಂತಲ್ಲ, ಜನ ನಡೆಯೋ ದಾರಿ ಒಂದು ಕಡೆ, ಡಬ್ಬ ಇಟ್ಟ ಜಾಗ ಇನ್ನೊಂದು ಕಡೆ.

ಸೋಲಾರ್ ಅಂದಿದ್ದಕ್ಕೆ ನೆನಪಾಯ್ತು, ದೊಡ್ಡ ಆಕ್ಷೇಪಣೆ ಅದೇ ಅಲ್ವಾ. ಬೀದಿ ಅಂಗಡೀಲಿ ಸಿಗೋ ಸೋಲಾರ್ ಲಾಟೀನು ಇದಕ್ಕಿಂತ ಎಷ್ಟೋ ಪಟ್ಟು ಬೆಳಕು ಕೊಡುತ್ತೆ. ಇವರ ಒಂದೊಂದು ಸೆಲ್ಲಿಗೆ ಒಂದು ಪೌಂಡ್ ಆಸುಪಾಸು, ಚಿಕ್ಕ ಘಟಕ ಒಂದನ್ನ ಹಾಕೋಕೆ 600 ಪೌಂಡ್‌ನಷ್ಟು ಆಗಬಹುದು ಅಂತ ಆಗ ಅಂದಾಜು ಹೇಳಿದ್ರು. ಬರೀ ಬೆಳಕಿಗೆ ಅಂದ್ರೆ ಈ ಲೆಕ್ಕ ನಿಲ್ಲಲ್ಲ, ನೇರವಾಗಿ ಹೇಳ್ತೀನಿ. ನಿಲ್ಲೋದು ಯಾವಾಗ ಅಂದ್ರೆ ಅದು ಟಾಯ್ಲೆಟ್ಟೂ ಹೌದು, ಕೊಳೆ ತೊಳೆಯೋ ಘಟಕವೂ ಹೌದು, ಮೇಲಿಂದ ಬೆಳಕು ಕೊಸರು ಅಂತ ನೋಡಿದಾಗ. ಸಾಮಾನ್ಯವಾಗಿ ಕೊಳೆ ನೀರು ಶುದ್ಧ ಮಾಡೋಕೆ ಕರೆಂಟ್ ಸುರೀಬೇಕು, ಗಾಳಿ ಊದೋ ಮೋಟರ್‌ಗಳು ಹಗಲು ರಾತ್ರಿ ಓಡಬೇಕು, ಅಪಾರ್ಟ್‌ಮೆಂಟ್ ಎಸ್‌ಟಿಪಿ ಬಿಲ್ ನೋಡಿದವರಿಗೆ ಗೊತ್ತು. ಇಲ್ಲಿ ಆ ಕೆಲಸ ಮಾಡಿ ಕೈಗೆ ಚಿಲ್ಲರೆನೂ ವಾಪಸ್ ಬರುತ್ತೆ, ಚಿಲ್ಲರೆ ಚಿಕ್ಕದಿರಬಹುದು.

ನನಗೆ ಕಸಿವಿಸಿ ಆಗೋದು ಬೇರೆ ವಿಷಯಕ್ಕೆ. ಆಕ್ಸ್‌ಫ್ಯಾಮ್ ಇದಕ್ಕೆ ಕೈ ಹಾಕಿದ್ದೇ ನಿರಾಶ್ರಿತರ ಕ್ಯಾಂಪಲ್ಲಿ ರಾತ್ರಿ ಕತ್ತಲಲ್ಲಿ ಟಾಯ್ಲೆಟ್ಟಿಗೆ ಹೋಗೋ ಹೆಣ್ಣುಮಕ್ಕಳ ಮೇಲೆ ಹಲ್ಲೆ ಆಗುತ್ತೆ ಅನ್ನೋ ಕಾರಣಕ್ಕೆ. ಬೆಳಕು ಬೇಕಾಗಿದ್ದು ಅವರಿಗೆ. ಮೊದಲ ಮಾದರಿ ಮಾತ್ರ ಬಾರ್ ಪಕ್ಕದಲ್ಲಿ ಗಂಡುಹುಡುಗರು ನಿಂತು ಹೋಗೋ ಯೂರಿನಲ್. ಲ್ಯಾಬಿಂದ ಹೊರಗೆ ಬರೋ ಮೊದಲ ಹೆಜ್ಜೆ, ಸುಲಭ ಇದ್ದ ಕಡೆಯಿಂದ ಶುರು ಮಾಡಿದ್ರು, ಒಪ್ಕೋತೀನಿ. ಆದ್ರೂ ಯಾರಿಗೋಸ್ಕರ ಮಾಡಿದ್ದೋ ಅವರೇ ಬಳಸೋಕಾಗದ ಮಾದರಿ ಅದು, ಬರೆದವರ್ಯಾರೂ ಇದನ್ನ ಎತ್ತಿ ಹೇಳಿದ್ದು ನಾನಂತೂ ನೋಡಿಲ್ಲ. ಅದು ಸರಿಹೋಗಿದ್ದು ಆಮೇಲೆ, ಉಗಾಂಡಾದ ಕಿಸೋರೊ ಅನ್ನೋ ಊರಿನ ಒಂದು ಹೆಣ್ಣುಮಕ್ಕಳ ಶಾಲೆಗೆ ಈ ವ್ಯವಸ್ಥೆ ತಗೊಂಡು ಹೋಗಿ ಹಾಕಿದಾಗ. ಅಲ್ಲಿ ಬಾರೂ ಇಲ್ಲ, ಜಾತ್ರೆನೂ ಇಲ್ಲ, ಮಕ್ಕಳು ದಿನಾ ಅದೇ ಹೊತ್ತಿಗೆ ಅದೇ ದಾರೀಲಿ ಬರ್ತಾರೆ, ಮಿಷಿನ್‌ಗೆ ಇದಕ್ಕಿಂತ ಒಳ್ಳೆ ಟೈಮ್‌ಟೇಬಲ್ ಬೇಕಾ.

ಟ್ರಾನ್ಸ್‌ಪೋರ್ಟ್‌ನೋರು ಜನರ ಓಡಾಟ ಅಳೆಯೋಕೆ ಡೈರಿ ಕೊಟ್ಟು ಬರೆಸ್ತಾರೆ, ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತಿಗೆ, ಯಾವುದರಲ್ಲಿ ಅಂತ. ಇಂಗ್ಲೆಂಡಿನ ರಾಷ್ಟ್ರೀಯ ಪ್ರಯಾಣ ಸರ್ವೆಯಲ್ಲಿ 50 ಗಜಕ್ಕಿಂತ ಕಮ್ಮಿ ನಡಿಗೆ ಲೆಕ್ಕಕ್ಕೇ ಬರಲ್ಲ. ಅಂದ್ರೆ ಮಲಗೋ ಕೋಣೆಯಿಂದ ಅಂಗಳದ ಮೂಲೆ ಟಾಯ್ಲೆಟ್ಟಿಗೆ ರಾತ್ರಿ ಎರಡು ಗಂಟೆಗೆ ನಡೆಯೋ ಮೂವತ್ತು ಹೆಜ್ಜೆ ಪ್ರಯಾಣವೇ ಅಲ್ಲ. ಇಲ್ಲಿಗೆ ಬಂದಾಗ ನನಗೆ ಎರಡು ಬಿಲ್ಡಿಂಗು ಒಂದಾದಂಗೆ ಅನ್ಸುತ್ತೆ, ಯಾಕಂದ್ರೆ 75 ಮಿಲಿವ್ಯಾಟ್ ಸಾಕಾ ಇಲ್ವಾ ಅಂತ ಹೇಳೋಕೆ ಮೀಟರ್ ಸಾಲಲ್ಲ, ಆ ಮೂವತ್ತು ಹೆಜ್ಜೆ ಹಾಕಿದ್ಲಾ ಇಲ್ವಾ, ಒಬ್ಬಳೇ ಹೋದ್ಲಾ ಪಕ್ಕದವಳನ್ನ ಎಬ್ಬಿಸಿದ್ಲಾ ಅಂತ ಕೇಳಬೇಕು.

ನಮ್ಮ ಅಜ್ಜಿ ಊರು ಚನ್ನರಾಯಪಟ್ಟಣದ ಹತ್ರ. ಹಿತ್ತಲಾಚೆ ಬೇಲಿ, ಬೇಲಿ ಪಕ್ಕ ತೆಂಗಿನ ಗರಿ ಮರೆ, ಅಷ್ಟೇ ಟಾಯ್ಲೆಟ್ಟು. ಬೇಸಿಗೆ ರಜಕ್ಕೆ ಹೋದಾಗ ನಾವು ಹುಡುಗ್ರು ರಾತ್ರಿ ಎಲ್ಲಿ ಬೇಕಲ್ಲಿ ನಿಂತು ಮುಗಿಸ್ತಿದ್ವಿ, ಚಿಕ್ಕಮ್ಮ ಮಾತ್ರ ಸಂಜೆ ದೀಪ ಹಚ್ಚಿದ ಮೇಲೆ ನೀರು ಕುಡೀತಿರಲಿಲ್ಲ. ಊಟಕ್ಕೆ ಕೂತಾಗ ಎಲ್ಲರ ಮುಂದೆ ಚೊಂಬು ಇರೋದು, ಅವಳ ಮುಂದೆ ಇರ್ತಿರಲಿಲ್ಲ, ಮುದ್ದೆ ಗಂಟಲಿಗೆ ಹಿಡಿದ್ರೆ ಸಾರನ್ನೇ ಒಂದು ಗುಟುಕು ಕುಡಿಯೋಳು. ಯಾಕೆ ಚಿಕ್ಕಮ್ಮ ಅಂತ ಒಂದ್ಸಲ ಕೇಳಿದ್ದೆ, "ಆಮೇಲೆ ಯಾರನ್ನ ಎಬ್ಬಿಸ್ಲಿ ಮಗ" ಅಂದಿದ್ಲು.